ಮಲಗಿಯೇ ತುಂಬುವ ಕೋವಿ

ಕಾರ್ಖಾನೆಯ ಹಿಂದಿನ ಮನೆ,
ಭಾನುವಾರ, ಊಟವಾದ ಮೇಲೆ

ಪ್ರೀತಿಯ ಉದ್ದಣ್ಣನಿಗೆ ಅಜ್ಜನ ಆಶೀರ್ವಾದ.

ಹೇಗಿದ್ದೀಯಪ್ಪಾ? ಕೆಮ್ಮು ನಿಂತಿತೇ? ದಂಡಿನ ಮಂಚಗಳು ಗಿಡ್ಡ ಎಂದು ಬರೆದಿದ್ದೆ. ಕಾಲು ಹೊರಗೆ ಚಾಚಬೇಡ, ಮುದುರಿಕೊಂಡು ಮಲಗು, ಥಂಡಿಯಾದೀತು. ಇಲ್ಲಿ ಎಲ್ಲರೂ ಸುಖ. ನನ್ನ ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ನಿನ್ನ ತಲೆಗೆ ತಾಗದಿರಲೆಂದು ಅಡುಗೆಮನೆಯ ಬಾಗಿಲ ಮೇಲಿನ ಪಟ್ಟಿಗೆ ನಿನ್ನ ಅಮ್ಮ ಸುತ್ತಿದ್ದ ಉಣ್ಣೆಬಟ್ಟೆ ಇನ್ನೂ ಹಾಗೇ ಇದೆ. ಅಷ್ಟು ಎತ್ತರದವರು ಈಗ ಮನೆಯಲ್ಲಿ ಯಾರಿದ್ದಾರೆ, ಬಿಚ್ಚಬಾರದೇ ಎಂದರೆ, “ಅದು ನಿಮಗೇನು ಅಡ್ಡ ಬಂತು ಮಾವ?” ಎಂದು ನನ್ನನ್ನೇ ಗದರುತ್ತಾಳೆ.

ಇನ್ನು ಇಲ್ಲಿಯ ಸುದ್ದಿ. ನಾವು ಮಾಡಿ ಕಳಿಸಿದ್ದ ಕೋವಿಗಳೆಲ್ಲ ತವರಿಗೆ ಬಂದಿವೆ. ಎದ್ದು ನಿಂತು, ನಳಿಗೆಯ ಬಾಯಿಂದ ಮದ್ದು ಸುರಿದು, ಗುಂಡು ಹಾಕಿ, ಉಕ್ಕಿನ ಸರಳಿನಿಂದ ಜಡಿಯುವ ಕಾಲ ಮುಗಿಯಿತಂತೆ. ಈಗ ನಳಿಗೆಯ ಹಿಂಭಾಗವನ್ನು ಕೊಯ್ದು ಕೀಲಿನ ಮುಚ್ಚಳ ಕೂರಿಸಬೇಕು. ಮುಚ್ಚಳ ಎತ್ತು, ಮದ್ದು ಗುಂಡು ಎರಡೂ ಕೂಡಿದ ತೋಟೆ ಇಡು, ಮುಚ್ಚು, ಹೊಡೆ. ಅಷ್ಟೇ. ಆ ನಳಿಗೆಗಳಲ್ಲಿ ಅರ್ಧಕ್ಕರ್ಧ ನಾನೇ ಕೊರೆದವು. ಕೊರೆದ ಕೈಯಿಂದಲೇ ಕೊಯ್ಯಿ ಎಂದರೆ ಯಾರಿಗೆ ಹೊಟ್ಟೆ ಉರಿಯದು ಹೇಳು? “ಹೊಸದು ಬೇಕಾದ್ರೆ ಹೊಸದೇ ಮಾಡ್ಸಿ, ಇದರ ಬೆನ್ನು ಯಾಕ್ರೀ ಮುರೀತೀರಿ” ಎಂದು ಮೇಸ್ತ್ರಿಯ ಮೇಲೆ ಹಾರಾಡಿದೆ. ಆತ ತಣ್ಣಗೆ, “ಯಜಮಾನ್ರೇ, ಇದನ್ನ ಮಲ್ಕೊಂಡೇ ತುಂಬಬಹುದು. ಗುಂಡು ಹಾರೋ ಕಡೆ ನಿಮ್ಮ ಮೊಮ್ಮಗ ಎದ್ದು ನಿಲ್ಲಬೇಕಾಗಿಲ್ಲ” ಎಂದ. ಗರಗಸ ಎತ್ತಿಕೊಂಡೆ. ಅಂದಿನಿಂದ ನನ್ನ ಮೇಜಿನ ಕೆಲಸವೇ ಎಲ್ಲರಿಗಿಂತ ಮುಂದೆ ಓಡುತ್ತಿದೆ, ಮಂಡಿ ಏನಾದರೂ ಅನ್ನಲಿ.

ಶುಕ್ರವಾರ ಪರೀಕ್ಷೆಯಾಯಿತು. ಹಿತ್ತಲಲ್ಲಿ ಗೋಣಿ ಹಾಸಿ, ನಮ್ಮ ಗೇಟು ಕಾಯುವ ಕುಂಟುಕಾಲಿನ ಹಳೇ ಸಿಪಾಯಿಯನ್ನು ಮಲಗಿಸಿದರು. ಮಣ್ಣಿನ ದಿಬ್ಬಕ್ಕೆ ಗುರಿಯಿಟ್ಟು ಹೊಡೆದ. ಮತ್ತೆ ತುಂಬಲು ಮುಚ್ಚಳ ಎತ್ತಿದ, ತೋಟೆ ಇಟ್ಟ, ಮುಚ್ಚಿದ. ಅಲ್ಲಿಗೆ ಮುಗಿಯಿತಲ್ಲ? ಪುಣ್ಯಾತ್ಮ ಸೀದಾ ಎದ್ದು ನಿಂತ! ಕೋವಿಯನ್ನು ನೆಟ್ಟಗೆ ಹಿಡಿದು, ನಳಿಗೆಯ ಕೆಳಗಿನಿಂದ ಸರಳನ್ನು ಸರ್ರನೆ ಎಳೆದು, ಜಡಿಯಲು ಹೊರಟೇಬಿಟ್ಟ. (ನಳಿಗೆ ಒರೆಸಲು ಬೇಕಲ್ಲ ಎಂದು ಸರಳನ್ನು ಹಾಗೇ ಉಳಿಸಿದ್ದೇವೆ.) ನಾವೆಲ್ಲ ಬಿದ್ದು ಬಿದ್ದು ನಕ್ಕೆವು. “ಯಾರಿಗೋ ಸಲಾಮು ಹೊಡೀತಿರೋದು?” ಎಂದು ಕೋವಿಗೆ ಮರದ ಹಿಡಿ ಕೂರಿಸುವ ಬಡಗಿ ಕೂಗಿದ. ಸಿಪಾಯಿ ಮಾತ್ರ ನಗಲಿಲ್ಲ. “ನಾನೆಲ್ಲಿ ಎದ್ದೆ ಅಜ್ಜಾ? ಕೈ ಸರಳಿಗೆ ಹೋಯ್ತು, ಹಿಂದೇನೇ ಮೈ ಎದ್ದುಬಿಡ್ತು” ಎಂದ. ಮತ್ತೆ ಮಲಗಿಸಿದರು. ಮತ್ತೆ ಎದ್ದ.

ನಿನಗೂ ಎದ್ದು ನಿಂತು ಜಡಿಯುವ ಅದೇ ಕವಾಯತನ್ನೇ ಅಲ್ಲವೇ ಮಾಡಿಸಿರುವುದು? ಆಮೇಲೆ ನನಗೂ ನಗು ಬರಲಿಲ್ಲ. ಊಟದ ಹೊತ್ತಿನಲ್ಲಿ ನಿನ್ನ ಅಮ್ಮನಿಗೆ ಹೇಳಿಬಿಟ್ಟೆ. ತಟ್ಟೆ ಹಾಗೇ ಬಿಟ್ಟು ಎದ್ದುಹೋದಳು.

ಹೊಟ್ಟೆ ತುಂಬ ಉಣ್ಣು. ನಿನ್ನ ಮಂಚದ ಆಚೀಚೆಯ ಹುಡುಗರನ್ನೂ ಈ ಮುದುಕ ಕೇಳಿದನೆಂದು ಹೇಳು. ಅಮ್ಮ ಏನೋ ಬರೆಸುತ್ತೇನೆಂದು ಬಂದಳು, ಆಮೇಲೆ ಬೇಡ ಎಂದಳು. ನೂರು ಕಾಲ ಬಾಳಪ್ಪಾ.

ನಿನ್ನ
ಅಜ್ಜ

ಮತ್ತೊಂದು ಮಾತು. ಇಂದು ಮಂಗಳವಾರ, ಅಂಚೆಯವನು ಬಾಗಿಲಲ್ಲೇ ನಿಂತು ಅವಸರ ಮಾಡುತ್ತಿದ್ದಾನೆ. ನಿನ್ನೆ ನಿನ್ನ ಅಮ್ಮ ಬಾಗಿಲ ಮೇಲಿನ ಉಣ್ಣೆಬಟ್ಟೆ ಬಿಚ್ಚಿ, ಚೂರು ಚೂರಾಗಿ ಕತ್ತರಿಸಿ, ನನ್ನ ಬುತ್ತಿಯ ಜೊತೆ ಕಟ್ಟಿದ್ದಳು. “ಕೈಗೆ ಸರಳು ಬರದಿದ್ರೆ ಮೈ ಏಳಲ್ಲ ಅಲ್ವಾ ಮಾವ?” ಎಂದಳು. ಸರಳು ಕೂರುವ ತೂತಿಗೆ ಒಂದೊಂದು ಚೂರು ತುರುಕುತ್ತಿದ್ದೇನೆ. ಒಂದು ಕೈಯಲ್ಲಿ ಎಳೆದರೆ ಜಗ್ಗದು. ಒರೆಸುವಾಗ ಎರಡೂ ಕೈಯಿಂದ ತಿರುಚಿ ಎಳೆದರೆ ಬರುತ್ತದೆ. ನಿನ್ನ ಪಾಲಿಗೆ ಯಾವ ಕೋವಿ ಬರುತ್ತದೋ ತಿಳಿಯದು, ಅದಕ್ಕೇ ನನ್ನ ಮೇಜಿಗೆ ಬಂದ ಎಲ್ಲಕ್ಕೂ ಹಾಕುತ್ತಿದ್ದೇನೆ. ಮೇಸ್ತ್ರಿ ನೋಡಿಯೂ ನೋಡದವನ ಹಾಗೆ ಹೋದ. ಸರಳು ಬಿಗಿಯಾಗಿದ್ದರೆ ಬೈಯಬೇಡ ಮಗಾ, ಅಲ್ಲೇ ಮಲಗಿರು. ರಜೆಗೆ ಬಂದಾಗ ತಲೆ ಬಗ್ಗಿಸಿಕೊಂಡು ಒಳಗೆ ಬಾ. ಬಾಗಿಲ ಮೇಲೆ ಈಗ ಬಟ್ಟೆ ಇಲ್ಲ.