ಐದನೆಯ ತಿರುವು

ಸರ್ವೆ ಕಚೇರಿ
ಮಂಗಳವಾರ, ೧೪ನೇ ತಾರೀಖು

ಪ್ರೀತಿಯ ಅಣ್ಣಾ,

ಈ ಕಾಗದ ನಿನ್ನ ಕೈ ಸೇರುವ ಮೊದಲೇ ಸುದ್ದಿ ಕಿವಿಗೆ ಬಿದ್ದಿರುತ್ತದೆ. ಬೈಯುವುದಾದರೆ ಪೂರ್ತಿ ಓದಿ ಆಮೇಲೆ ಬೈ.

ಕಲ್ಲು ಕಾಯಿಸಿ ಎಣ್ಣೆ ತೆಗೆಯುವ ಆ ಗಣಿಗೆ ದಾರಿ ಗೊತ್ತುಮಾಡುವುದು ನನಗೆ ಸಿಕ್ಕ ಮೊದಲ ದೊಡ್ಡ ಕೆಲಸ. ಬೆಟ್ಟ ಬಳಸಿ ಹೋದರೆ ನಲವತ್ತು ಕಿಲೋಮೀಟರ್ ಜಾಸ್ತಿ, ಒಂದು ವರ್ಷ ತಡ. ಬೆಟ್ಟ ಹತ್ತಿಳಿಯುವ ಹಳೇ ದಾರಿಯೇ ಸಾಕು, ಡಾಂಬರು ಹಾಕಿದರಾಯಿತು ಎಂದು ಹಟ ಹಿಡಿದೆ. ಹಟ ನನಗೇನು ಹೊಸದೇ? ಗುರುವಾರ ನೀನು ಆ ಉದ್ದನೆಯ ಟ್ರೇಲರನ್ನು ಪರೀಕ್ಷೆಗೆಂದು ಓಡಿಸಿ, ಏನೂ ತೊಂದರೆಯಿಲ್ಲ ಎಂದು ಬರೆದುಕೊಟ್ಟಾಗ ಕಚೇರಿಯವರೆಲ್ಲ ನನ್ನ ಬೆನ್ನು ತಟ್ಟಿದರು.

ಶನಿವಾರ ಟೇಪು ಹಿಡಿದು ಒಬ್ಬಳೇ ಹೋದೆ. ಐದನೆಯ ತಿರುವಿನಲ್ಲಿ ನಿನ್ನ ಚಕ್ರದ ಗುರುತು ಇನ್ನೂ ಇತ್ತು. ಹಿಂದೆ ಮುಂದೆ, ಮೂರು ಸಲ. ಹಿಂದಿನ ಚಕ್ರಕ್ಕೂ ಕಮರಿಗೂ ನಡುವೆ ಒಂದೇ ಗೇಣು. ಫೋನ್ ಮಾಡಿದರೆ ನೀನು ನಕ್ಕುಬಿಟ್ಟೆ. "ಗಾಡಿ ಬಂತಲ್ಲ ಮೊಂಡಿ, ಇನ್ನೇನ್ ಬೇಕು? ನಿನ್ ಕೆಲ್ಸ ಉಳೀತಲ್ಲ," ಅಂದೆ.

ಅಣ್ಣಾ, ನೀನು ಇಪ್ಪತ್ತೆರಡು ವರ್ಷ ಸ್ಟೀರಿಂಗ್ ಹಿಡಿದವನು. ಗಾಡಿ ಖಾಲಿಯಿತ್ತು, ಹಗಲಿತ್ತು. ದಿನಾ ಬರುವವರು ಲೋಡು ತುಂಬಿಕೊಂಡು, ಮಂಜಿನಲ್ಲಿ, ಅರೆನಿದ್ದೆಯಲ್ಲಿ ಬರುವವರು. ಅವರೂ ಯಾರದೋ ಮನೆಯ ಮಕ್ಕಳು. ಭಾನುವಾರವಿಡೀ ಅದನ್ನೇ ಯೋಚಿಸಿದೆ, ಊಟ ಸೇರಲಿಲ್ಲ. ಸೋಮವಾರ ಹಿರಿಯ ಇಂಜಿನಿಯರ ಮುಂದೆ ನಿಂತು ಈ ದಾರಿ ಆಗುವುದಿಲ್ಲ ಎಂದೆ. ನಿಮ್ಮಣ್ಣನೇ ಬರೆದುಕೊಟ್ಟಿದ್ದಾರಲ್ಲ ಎಂದು ಕೇಳಿದರು. ಅಣ್ಣ ನನ್ನ ಮುಖ ಉಳಿಸಲು ಬರೆದದ್ದು ಎಂದು ಹೇಳಿಬಿಟ್ಟೆ.

ಬಳಸುದಾರಿಯ ಕೆಲಸ ಬೇರೆಯವರಿಗೆ ಹೋಯಿತು. ಅದು ಹಾಳಾಗಿ ಹೋಗಲಿ. ಪರೀಕ್ಷೆಗೆ ಗಾಡಿ ಓಡಿಸುವ ಕೆಲಸಕ್ಕೆ ಇನ್ನು ನಿನ್ನನ್ನು ಕರೆಯುವುದಿಲ್ಲವಂತೆ; ಅದು ನಿನಗೆ ಪ್ರಾಣ ಎಂದು ಗೊತ್ತಿದ್ದೂ ಹೇಳಿದೆ. ತುಂಬ ಸಂಕಟವಾಗುತ್ತಿದೆ. ನಿಜ ಹೇಳಿದ್ದಕ್ಕೆ ಕ್ಷಮೆ ಕೇಳುವುದಿಲ್ಲ. ನಿನಗೊಂದು ಮಾತು ತಿಳಿಸದೆ ಹೇಳಿದ್ದಕ್ಕೆ ಕೇಳುತ್ತೇನೆ, ಹೊಟ್ಟೆಗೆ ಹಾಕಿಕೋ. ಅತ್ತಿಗೆ ಮುಖ ತಿರುಗಿಸಿಕೊಂಡರೂ ಸರಿ, ಬರುವ ಭಾನುವಾರ ಬಂದೇ ಬರುತ್ತೇನೆ.

ನಿನ್ನ ತಂಗಿ,
ಮೊಂಡಿ

ತಾ.ಕ.: ಭಾನುವಾರವಿಡೀ ಯೋಚಿಸಿದೆ ಎಂದು ಮೇಲೆ ಬರೆದದ್ದು ಸುಳ್ಳು. ಆ ತಿರುವನ್ನು ಕಣ್ಣಾರೆ ನೋಡಿ ಬಂದ ಮೇಲೂ ಶನಿವಾರ ಸಂಜೆಯೇ ಅದೇ ಹಳೇ ದಾರಿಯ ನಕ್ಷೆಗೆ ಸಹಿ ಹಾಕಿ ಕಳಿಸಿದ್ದೆ. ಭಾನುವಾರ ಚೆನ್ನಾಗಿ ಉಂಡು ಮಲಗಿದೆ. ಸೋಮವಾರ ಬೆಳಿಗ್ಗೆ ಗಣಿಗೆ ಹೊಸದಾಗಿ ಸೇರುವ ಚಾಲಕರ ಪಟ್ಟಿ ನನ್ನ ಮೇಜಿಗೆ ಬಂತು. ಮೂರನೆಯ ಹೆಸರು ನಿನ್ನ ಮಗಳದು; ನಿನಗೆ ತಿಳಿಸದೆ ಅರ್ಜಿ ಹಾಕಿದ್ದಾಳೆ. ಸಹಿ ಹಿಂದಕ್ಕೆ ಕೇಳಲು ನಾನು ಓಡಿದ್ದು ಆಮೇಲೆ.