ಇಪ್ಪತ್ತಮೂರು ನಮಸ್ಕಾರ

ಬೈರಿದೇವರಕೊಪ್ಪ, ಹುಬ್ಬಳ್ಳಿ
೧೪ ಜೂನ್ ೨೦೨೪, ಶುಕ್ರವಾರ

ಪ್ರೀತಿಯ ಅಕ್ಕಾ,

ಕೈ ಹೇಗಿದೆ? ಹೊಲಿಗೆ ಬಿಚ್ಚಿದರಾ? ಎಡಗೈಯಲ್ಲಿ ಉಣ್ಣಲು ನಾಚಿಕೊಂಡು ಅರೆಹೊಟ್ಟೆ ಇರಬೇಡ. ಅವ್ವ ತುತ್ತು ಮಾಡಿ ಕೊಟ್ಟರೆ ಸುಮ್ಮನೆ ಬಾಯಿ ತೆರೆ, ನಿನ್ನ ಹಟ ನನಗೆ ಗೊತ್ತಿಲ್ಲದ್ದೇನಲ್ಲ. ಇಲ್ಲಿ ನನಗೂ ಊಟ ಸೇರುತ್ತಿಲ್ಲ. ಕಾರಣ ಬರೆಯಲೆಂದೇ ಕುಳಿತಿದ್ದೇನೆ.

ನಿನ್ನ ಬೆರಳು ಹೋದ ಮರುದಿನವೇ ಗೋಕುಲ ರಸ್ತೆಯ ನಮ್ಮ ಕಾರ್ಖಾನೆಯವರು ನಿನ್ನನ್ನು ವಾಟ್ಸಾಪ್ ಗ್ರೂಪಿನಿಂದ ತೆಗೆದರು. ಆಮೇಲೆ ಸೂಪರ್‌ವೈಸರ್ ರಾಜಶೇಖರ ಸರ್ ಒಂದು ಉದ್ದನೆಯ ಮೆಸೇಜ್ ಹಾಕಿದರು. ಅವರು ಏನು ಹಾಕಿದರೂ ನಾವು ಕೈ ಮುಗಿದ ಚಿತ್ರ ಒತ್ತಲೇಬೇಕಲ್ಲ, ಒತ್ತದಿದ್ದರೆ ಮರುದಿನ ಗೇಟಿನಲ್ಲೇ, "ಯಾಕ್ರಿ, ನಮ್ಮ ಮೆಸೇಜ್ ನೋಡಾಕ ಪುರಸೊತ್ತ ಇಲ್ಲೇನ್ರಿ?" ಎಂದು ಮಾನ ಕಳೆಯುತ್ತಾರೆ. ಹಬ್ಬದ ಶುಭಾಶಯಕ್ಕೂ ಅದೇ ಕೈ, ರಜೆ ರದ್ದಾದರೂ ಅದೇ ಕೈ. "ಬೈದ್ರೂ ಕೈ ಮುಗೀತೀವಿ ನೋಡವಾ" ಎಂದು ನೀನೇ ನಗುತ್ತಿದ್ದೆ. ಅಂದು ಇಪ್ಪತ್ತಮೂರು ಜನ ಒತ್ತಿದರು.

ಮೆಸೇಜಿನ ಕೊನೆಯಲ್ಲಿ ಏನಿತ್ತು ಗೊತ್ತಾ? ನಿನ್ನ ಹೆಸರು ಹಾಕಿಯೇ ಬರೆದಿದ್ದರು, ಬೆರಳು ಸಿಗದಂತೆ ಪ್ರೆಸ್ ಮಷಿನ್ನಿಗೆ ಹಾಕುವ ಗಾರ್ಡನ್ನು ಸಾವಕ್ಕ ತಾನೇ ತೆಗೆದಿಟ್ಟಿದ್ದಳು, ಅದನ್ನು ಕಂಡವರೆಲ್ಲ ಒಪ್ಪಿಗೆ ತಿಳಿಸಿ ಎಂದು! ಗಾರ್ಡ್ ಮುರಿದು ಹದಿನೈದು ದಿನವಾಗಿತ್ತು. ಮೂರು ಸಲ ನೀನೇ ಸರ್‌ಗೆ ಹೇಳಿದ್ದೆ. ಮೂಲೆಯಲ್ಲಿ ಬಿದ್ದಿದ್ದ ಅದನ್ನು ನಾವೆಲ್ಲ ದಾಟಿಕೊಂಡೇ ಓಡಾಡಿದ್ದೇವೆ. ಈಗ ಆಫೀಸಿನವರು ಆ ಮೆಸೇಜನ್ನು ಒತ್ತಿದವರ ಹೆಸರುಗಳ ಸಮೇತ ಪ್ರಿಂಟ್ ತೆಗೆದಿದ್ದಾರೆ. ಸೋಮವಾರದ ವಿಚಾರಣೆಯಲ್ಲಿ ಅದನ್ನು ನಿನ್ನ ಮುಂದಿಟ್ಟು, ತಪ್ಪು ನಿನ್ನದೇ ಎಂದು ಕೆಲಸದಿಂದ ತೆಗೆಯುತ್ತಾರಂತೆ. ಚಹಾದ ಹೊತ್ತಿನಲ್ಲಿ ನಿನ್ನ ಪಕ್ಕದ ಮಷಿನ್ನಿನ ವಿದ್ಯಾ, "ನಾ ಓದೇ ಇಲ್ಲವಾ, ಎಲ್ಲಾರೂ ಒತ್ತ್ಯಾರಂತ ಒತ್ತೀನಿ" ಎಂದು ಅತ್ತಳು. ಅವಳನ್ನು ಬಾಯಿಗೆ ಬಂದಂತೆ ಬೈಯಬೇಕೆಂದು ನನಗನಿಸಿತು. ಆಗಲಿಲ್ಲ.

ಫೋನಿನಲ್ಲಿ ಇದನ್ನೆಲ್ಲ ಹೇಳಲು ಧೈರ್ಯ ಬರಲಿಲ್ಲ. ಹೊಳೆಯಪ್ಪ ಕಾಕಾ ಊರಿಗೆ ಹೊರಟಿದ್ದಾರೆ, ಅವರ ಕೈಯಲ್ಲೇ ಕಳಿಸುತ್ತಿದ್ದೇನೆ. ಅವ್ವನ ಕಾಲಿಗೆ ನನ್ನ ನಮಸ್ಕಾರ ಹೇಳು. ಗುಳಿಗೆ ತಪ್ಪಿಸಬೇಡ.

ನಿನ್ನ ತಂಗಿ,
ದುರ್ಗಾ

ತಾ.ಕ.: ಕಾಕಾ ಚಪ್ಪಲಿ ಮೆಟ್ಟಿ ನಿಂತಿದ್ದಾರೆ. ಅಕ್ಕಾ, ಆ ಹೆಸರುಗಳಲ್ಲಿ ಮೊದಲನೆಯದು ನನ್ನದು. ಆಸ್ಪತ್ರೆಯಲ್ಲಿ ನೀನು ಮಲಗಿದ್ದೆ. ಒಂದು ಕೈಯಿಂದ ನಿನ್ನ ತಲೆ ಸವರುತ್ತಾ ಇನ್ನೊಂದರಿಂದ ಒತ್ತಿದೆ, ಓದದೆ. ಸೋಮವಾರ ವಿಚಾರಣೆಗೆ ನಾನೂ ಬರುತ್ತೇನೆ. ಗಾರ್ಡ್ ಮುರಿದಿತ್ತು ಎಂದು ಎಲ್ಲರೆದುರು ಹೇಳುತ್ತೇನೆ, ನನ್ನ ಕೆಲಸ ಹೋದರೆ ಹೋಗಲಿ. ಅವರು ಆ ಪ್ರಿಂಟ್ ತೋರಿಸುವ ಮೊದಲು ನಿನಗೆ ಇದು ನನ್ನಿಂದಲೇ ಗೊತ್ತಾಗಲಿ.