ಕುಡ್ಲೆ ದಂಡಿಮ್ಯಾಲ ಅಂದಪ್ಪನ ರೊಟ್ಟಿ

ಗೋಕರ್ಣ
9-12-1984

ಅವ್ವಾ,

ಮೊದಲ ಈ ಮಾತು ಕೇಳು. ತಮ್ಮ ಅಂದಪ್ಪ ಸಿಕ್ಕಾನ, ಆರಾಮ ಅದಾನ. ಬದಾಮಿ ಗವಿ ನೋಡಾಕ ಬಂದಿದ್ದ ಫಾರಿನ್ನರ ಬೆನ್ನಹತ್ತಿ ಹೋದಾಂವ, ಎಂಟು ತಿಂಗಳಿಂದ ಇಲ್ಲೇ ಕುಡ್ಲೆ ಅನ್ನೋ ಸಮುದ್ರದ ದಂಡಿಮ್ಯಾಲ ಅದಾನ.

ಕೊರಳಪಟ್ಟಿ ಹಿಡಿದು ಎಳಕೊಂಡು ಬರಬೇಕಂತ ಗುಡ್ಡ ಇಳಿದು ಹೋದೆ. ಹೋಗಿ ನೋಡಿದ್ರ, ತೆಂಗಿನ ಗರಿ ಗುಡಿಸಲದಾಗ ಪಟಪಟ ರೊಟ್ಟಿ ಬಡಿಯೋ ಸಪ್ಪಳ! ಮನ್ಯಾಗ ಒಂದು ಚರಿಗಿ ನೀರು ಸೈತ ತುಂಬಿಕೊಳ್ಳದ ನಿನ್ನ ಮಗ ಒಲಿ ಮುಂದ ಕುಂತಿದ್ದ. ಹತ್ತು ಮಂದಿ ಫಾರಿನ್ನರು ಬರಿಗಾಲಿಲೆ, ಗಂಗಾಳ ಹಿಡಕೊಂಡು ಪಾಳಿ ಹಚ್ಚಿ ನಿಂತಿದ್ರು. ನನ್ನ ನೋಡಿದ ಕೂಡಲೆ ಅವನ ಕೈ ನಿಂತ್ವು.

"ಅಣ್ಣಾ, ಹೊಡಿಯಾಕ ಬಂದಿ ಏನು?" ಅಂದ.

ಹೊಡಿಯಾಕs ಹೋಗಿದ್ದೆ, ಖರೆ. ಆದ್ರ ಅವನ ಅಂಗೈ ತುಂಬ ಸುಟ್ಟ ಬೊಬ್ಬಿ ನೋಡಿ, "ಮೊದಲ ಉಣ್ಣಾಕ ನೀಡು" ಅಂದೆ. ನಾಕು ರೊಟ್ಟಿ ಉಂಡೆ.

ಗಾಂಜಾ ಗೀಂಜಾ ಏನೂ ಇಲ್ಲ, ನಾನs ಅವನ ಚೀಲ ಹುಡುಕಿ ನೋಡೇನಿ, ಅಪ್ಪಗ ಹೇಳು. ಸದ್ಯ ಊರಿಗೆ ಬರಾಂಗಿಲ್ಲ ಅಂತಾನ, ನಾನೂ ಜುಲುಮಿ ಮಾಡಲಿಲ್ಲ. ಈ ಕಡೆ ಜ್ವಾಳ ಬೆಳ್ಯಾಂಗಿಲ್ಲ. ನಮ್ಮ ಹೊಲದ ಬಿಳಿಜ್ವಾಳ ಒಂದು ಚೀಲ ಬೀಸಿಸಿ ಇಡು, ಬುಧವಾರ ಬಂದು ಒಯ್ತೇನಿ. ನನ್ನ ಕೆಮ್ಮು ಕಡಿಮಿ ಆಗೈತಿ.

ಈ ಕಾಗದದ ಕೆಳಗಿನ ಜಾಗ ಅವಗ ಬರಿಯಾಕ ಬಿಟ್ಟೇನಿ.

ನಿನ್ನ ಕಾಶಪ್ಪ

ಅವ್ವಾ, ಸಿಟ್ಟಾಗಬ್ಯಾಡ. ರೊಟ್ಟಿ ಅಂಚು ಸೀಳ್ತಾವ. ಹಿಟ್ಟಿಗೆ ನೀರು ಎಷ್ಟು ಕಾಯಬೇಕು? ಅಣ್ಣನ ಕಡೆ ಹೇಳಿ ಕಳಸು.
ಅಂದಪ್ಪ